ಸುಣ್ಣ ಅಂತ ಹೇಳಿದ್ದೆ

ಜೇವರ್ಗಿ ಬಸ್‌ಸ್ಟ್ಯಾಂಡಿನ ಭಜಿ ಬಂಡಿಗಳಲ್ಲಿ ಕರಿದು ಕರಿದು ಕಪ್ಪಾದ ಎಣ್ಣೆಯನ್ನು ನಾನು ಡಬ್ಬಿಗಟ್ಟಲೆ ಮನೆಗೆ ಹೊತ್ತು ತರುತ್ತಿದ್ದೆ. ಕೆಮಿಸ್ಟ್ರಿ ಓದಿದವನಿಗೆ ಇದೆಂಥ ಹುಚ್ಚು ಎಂದು ಓಣಿಯೇ ನಗುತ್ತಿತ್ತು. ಅದರಿಂದ ಡೀಸೆಲ್ ಮಾಡಿ ನಮ್ಮ ಬಾವಿಯ ಎಂಜಿನ್ ಓಡಿಸಬೇಕು, ಅಪ್ಪ ಒಮ್ಮೆಯಾದರೂ ನನ್ನನ್ನು ನಂಬಬೇಕು. ನನಗೆ ಬೇಕಾಗಿದ್ದುದು ಅಷ್ಟೇ.

ಸೋಸಿ ಕಾಸಿದ ಎಣ್ಣೆಗೆ ಮೆಥನಾಲಿನ ಜೊತೆ ಒಂದು ಬಿಳಿ ಪುಡಿ ಬೇಕು. ಅದು ಎಣ್ಣೆಯನ್ನು ಬದಲಿಸಿ ತಾನು ಹಾಗೇ ತಳದಲ್ಲಿ ಕೂರುತ್ತದೆ, ಸೋಸಿ ಮತ್ತೆ ಬಳಸಬಹುದು. ಆಮ್ಲೆಟ್ ಗಾಡಿಗಳ ಹಿಂದೆ ಬಿದ್ದ ತತ್ತಿಯ ಸಿಪ್ಪೆ ಆರಿಸಿ, ಇಟ್ಟಿಗೆ ಭಟ್ಟಿಯಲ್ಲಿ ಸುಟ್ಟು ನಾನದನ್ನು ಮಾಡುತ್ತಿದ್ದೆ. ನಮ್ಮಪ್ಪನೋ ಲಿಂಗಪೂಜೆಯಾಗದೆ ಗುಟುಕು ನೀರೂ ಕುಡಿಯದವನು. ಮನೆಯಲ್ಲಿ ತತ್ತಿಯ ಹೆಸರೆತ್ತುವಂತಿರಲಿಲ್ಲ.

"ಏನಲೇ ಅದು ಪುಡಿ?" ಅಪ್ಪ ಒಂದು ದಿನ ಕೇಳಿದ.

"ಸುಣ್ಣಪ್ಪಾ," ಅಂದೆ. ಸುಟ್ಟ ಮೇಲೆ ಅದು ಸುಣ್ಣವೇ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ದೊಡ್ಡ ಪಂಡಿತ!

ಎಷ್ಟೋ ಸಲ ಎಣ್ಣೆ ಸಾಬೂನಿನಂತೆ ಗಟ್ಟಿಯಾಗಿ ಕೈಕೊಟ್ಟಿತು. ಕೊನೆಗೊಮ್ಮೆ ಎಂಜಿನ್ ಚಾಲೂ ಆಗಿ ಅರ್ಧ ತಾಸು ನೀರೆತ್ತಿತು. ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟ. ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

ಮಹಾನವಮಿಗೆ ನಮ್ಮಲ್ಲಿ ದುಡಿಯುವ ಸಾಮಾನನ್ನೆಲ್ಲ ದೇವರ ಜಗಲಿಯ ಮೇಲಿಟ್ಟು ಪೂಜಿಸುತ್ತಾರೆ. ನಾನು ಸ್ನಾನ ಮುಗಿಸಿ ಬಂದಾಗ ಕುಡುಗೋಲು, ಕೊಡಲಿಗಳ ಪಕ್ಕ ನನ್ನ ಪುಡಿಯ ಡಬ್ಬಿಯೂ ಇತ್ತು. ಅದಕ್ಕೂ ಹೂವು! ಅಪ್ಪ ಮೂರು ಬೆರಳಿಂದ ಆ ಪುಡಿಯನ್ನು ವಿಭೂತಿಯಂತೆ ಒದ್ದೆ ಹಣೆಗೆ ಎಳೆದುಕೊಂಡಾಗಿತ್ತು.

"ಬ್ಯಾಡಪ್ಪಾ, ಸುಡ್ತದ!"

"ನನ್ನ ಮಗನ ಕಸುಬಿನ ಸಾಮಾನಲೇ ಇದು. ಸುಣ್ಣ ಏನ್ ಮಾಡ್ತದ?" ಎಂದು ನಗುತ್ತ, ಅಂಗೈಯಲ್ಲಿದ್ದ ಲಿಂಗಕ್ಕೆ ಹಚ್ಚಲು ಮತ್ತೆ ಚಿಟಿಕೆ ತೆಗೆದ. ಇನ್ನು ಸುಮ್ಮನಿರಲು ನನ್ನಿಂದಾಗಲಿಲ್ಲ.

"ಸುಣ್ಣಲ್ಲಪ್ಪಾ. ತತ್ತಿ ಸಿಪ್ಪಿ."

ಅವನ ಕೈ ಅಲ್ಲೇ ನಿಂತಿತು. ಹಣೆ ಕೆಂಪೇರುತ್ತಿತ್ತು. ತೊಳೆಯಲೆಂದು ನಾನು ತಂದ ನೀರಿನ ಚರಿಗೆಯನ್ನು ಮುಟ್ಟದೆ, ತಾನೇ ಎದ್ದು ಬಚ್ಚಲಿಗೆ ಹೋದ. ಬೈದಿದ್ದರೆ ಬದುಕುತ್ತಿದ್ದೆ.

ಅಂದೇ ಎಲ್ಲ ನಿಲ್ಲಿಸಿದೆ. ಹಣೆಯ ಗಾಯ ಮಾಯ್ದು ಎಷ್ಟೋ ದಿನವಾಯಿತು. ಮೊನ್ನೆ ಜಿಡಗಾ ಮಠಕ್ಕೆ ಹೋದವನು ಅಪ್ಪನಿಗೆಂದು ವಿಭೂತಿ ತಂದೆ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ, ಮೂಸಿದ.

"ಇದರಾಗೇನೂ ಇಲ್ಲ ಹೌದಿಲ್ಲೋ?" ಅಂದ.

"ಇಲ್ಲಪ್ಪಾ, ಖರೇನ ವಿಭೂತಿ."

ಅಪ್ಪ ತಲೆಯಾಡಿಸಿ ಅದನ್ನು ಕಿಟಕಿಯಲ್ಲಿಟ್ಟ. ಅದು ಇನ್ನೂ ಅಲ್ಲೇ ಇದೆ.