ಶಾಲು ಹೊದಿಸಿದ ಹಿರಿಯರು

ಒಲಿಂಪಿಕ್ಸ್‌ನಲ್ಲಿ ಈಜಿ, ಆಮೇಲೆ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುವ ಪ್ರೊಫೆಸರ್ ಆದ ಮೇಡಂ ಒಬ್ಬರು ದೇಹದಾನದ ಬಗ್ಗೆ ಹೇಳಲು ಹತ್ತಿಮತ್ತೂರಿಗೆ ಬಂದಿದ್ದರು. ನಮ್ಮ ಊರ ಹಿರಿಯರಿಗೆ ಅದು ಕೇಳಿಸಲೇ ಇಲ್ಲ. ಈಜಿದ್ದಕ್ಕೆ ಶಾಲು ಹೊದಿಸಿ, ಫೋಟೊದಲ್ಲಿ ಅವರ ಪಕ್ಕ ನಿಲ್ಲಲು ಒಬ್ಬರನ್ನೊಬ್ಬರು ನೂಕಾಡಿದರು. ನನ್ನ ಯಜಮಾನರು, ನಿಮ್ಮ ಅಜ್ಜ, ಮಾತ್ರ ಪೂರ್ತಿ ಕೇಳಿ, ದೇಹದಾನದ ಕಾಗದಕ್ಕೆ ಸಹಿ ಹಾಕಿದರು.

ಅಜ್ಜ ತೀರಿಕೊಂಡ ದಿನ ಅದೇ ಹಿರಿಯರು ನಮ್ಮ ಕಟ್ಟೆಗೆ ಬಂದು ಕೂತರು. ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು ನಮ್ಮಲ್ಲಿಯ ಪದ್ಧತಿ.

"ಆ ಹೆಣಾ ಕೊಯ್ಯಾಕಿ ಕೈಯಾಗ ಕೊಡ್ತೀಯೇನ ತಂಗಿ? ಅಲ್ಲಿ ಟೇಬಲ್ ಮ್ಯಾಲ ಮಲಗಸ್ತಾರ. ಕುಂದ್ರಸೋರು ಯಾರು?" ಎಂದರು ಅವರಲ್ಲಿ ದೊಡ್ಡವರು.

ಅದುವರೆಗೆ ಗಂಡಸರೆದುರು ನಾನು ಬಾಯಿ ಬಿಟ್ಟವಳಲ್ಲ. ಬಾಗಿಲ ಮರೆಯಿಂದಲೇ ಕೇಳಿದೆ: "ಫೋಟೋ ತಗಸ್ಕೊಳ್ಳುವಾಗ ಹೆಣಾ ಕೊಯ್ಯಾಕಿ ಅಂತ ಗೊತ್ತಿರಲಿಲ್ಲೇನ್ರಿ ಅಣ್ಣಾರ? ಬದುಕಿದ್ದಾಗ ಇವರಿಗೆ ಒಂದ್ ಪಂಚಾಯ್ತಿಯೊಳಗೂ ಕುಂದ್ರು ಅನ್ನಲಿಲ್ಲ ನೀವು. ಈಗ್ಯಾಕ ಇಷ್ಟು ಅವಸರ?"

ಕಾಲೇಜಿನ ಗಾಡಿ ಬರುವುದರೊಳಗೆ ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿ ಹೋದರು. ಅಜ್ಜನನ್ನು ಗಾಡಿಗೆ ಎತ್ತಿದವರು ನಿಮ್ಮಪ್ಪ, ಡ್ರೈವರ್ ಮತ್ತು ನಾನು.