ಬೂಟು ಬಿಚ್ಚಿಸುವ ಗೌರಮ್ಮ

ಅಹಮದಾಬಾದಿನ ವಿಮಾನ ನಿಲ್ದಾಣಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡಿಸೆಂಬರಿನ ಚಳಿಗೆ ಬಾಗಿಲ ಕಾವಲುಗಾರ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು ಸ್ಟೂಲಿನ ಮೇಲೆ ತೂಕಡಿಸುತ್ತಿದ್ದಾನೆ. ಮೊದಲ ಬಸ್ಸಿನಿಂದ ಇಳಿದ ಗೌರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ವೆಯಿಟಿಂಗ್ ಹಾಲಿನ ನೆಲ ಗುಡಿಸುತ್ತಾರೆ, ಒರೆಸುತ್ತಾರೆ, ಬೆತ್ತದ ಕುರ್ಚಿಗಳನ್ನು ಸಾಲಿಗೆ ತರುತ್ತಾರೆ. ಆಮೇಲೆ ಹೆಂಗಸರ ಕೋಣೆಯ ಕಪಾಟಿನ ಮೇಲಿಂದ ಸುರುಳಿ ಸುತ್ತಿದ ಜಮಖಾನವೊಂದನ್ನು ಇಳಿಸಿ, ಬಗಲಲ್ಲಿ ಅವುಚಿಕೊಂಡು ಹಾಲಿಗೆ ಬರುತ್ತಾರೆ. ಕೌಂಟರಿನ ಹಿಂದಿನಿಂದ ಗುಮಾಸ್ತ ದಿವಾಕರ ಎರಡೂ ಕೈ ಜೋಡಿಸುತ್ತಾನೆ.

"ಇವತ್ತೊಂದು ದಿನ ಅದನ್ನು ಹಾಸಬೇಡಿ ಮಾರಾಯ್ರೆ. ಮುಂಬಯಿ ಕಚೇರಿಯಿಂದ ಸತ್ಯಪ್ರಕಾಶ ಸಾಹೇಬರು ಬರ್ತಿದ್ದಾರೆ. ಅವರ ಕಣ್ಣಿಗೆ ಬಿದ್ದರೆ ನಿಮ್ಮ ಕೆಲಸ ಉಳಿಯುವುದಿಲ್ಲ."

ಗೌರಮ್ಮ ಜಮಖಾನವನ್ನು ಸಾಮಾನು ತೂಗುವ ತಕ್ಕಡಿಯ ಹಿಂದೆ ಗೋಡೆಗೆ ಒರಗಿಸುತ್ತಾರೆ. ಹೊಸದಾಗಿ ಬಂದವರು ಅದನ್ನು ಯಾರೋ ಮರೆತುಹೋದ ಹಾಸಿಗೆ ಎಂದೇ ತಿಳಿಯಬೇಕು, ಹಾಗೆ.

ಈ ಹಾಲಿನಲ್ಲಿ ಗೌರಮ್ಮನದು ಹೆಂಗಸರ ಕೋಣೆಯ ಆಯಾ ಎಂಬ ಕೆಲಸ. ಅದೂ ಖಾಯಂ ಅಲ್ಲ, ವರ್ಷ ವರ್ಷಕ್ಕೆ ಮುಂದುವರಿಸುವಂಥದು. ಗುಜರಾತಿಗಳ ಬಾಯಲ್ಲಿ ಅವರು ಗೌರಾಬೆನ್. ಆದರೆ ಅವರು ನಿಜವಾಗಿ ಮಾಡುವ ಕೆಲಸಕ್ಕೆ ಸರ್ಕಾರದ ಯಾವ ಕಾಗದದಲ್ಲೂ ಹೆಸರಿಲ್ಲ. ಮುಂಬಯಿಯಿಂದ ಬಂದು ಭುಜ್‌ಗೆ ಹೋಗುವವರು ಇಲ್ಲಿಳಿದು ವಿಮಾನ ಬದಲಿಸಬೇಕು. ಬೆಳಿಗ್ಗೆ ಬಂದವರಿಗೆ ಮುಂದಿನ ವಿಮಾನ ಮಧ್ಯಾಹ್ನ, ಅದೂ ಎಲ್ಲ ಸುಸೂತ್ರವಾಗಿದ್ದರೆ. ಈ ನಡುವಿನ ಹೊತ್ತನ್ನು ಕಳೆಯಲಾರದೆ ಒದ್ದಾಡುವವರನ್ನು ಸುಮ್ಮನೆ ಕೂಡಿಸುವುದು ಗೌರಮ್ಮನ ಕಸಬು.

"ರೈಲಿನ ಮಂದಿಗೆ ಕಾಯೋದು ಬರತದ್ರಿ. ಗಂಟು ತಲಿಗೆ ಇಟ್ಕೊಂಡು ಮಲಗಿಬಿಡತಾರ. ವಿಮಾನದ ಮಂದಿ ಹಂಗಲ್ಲ. ಲಗೂನ ಹೋಗಬೇಕಂತ ರೊಕ್ಕಾ ಕೊಟ್ಟಿರತಾರಲ್ಲ, ಕುಂತ್ರ ಲುಕ್ಸಾನ ಆತು ಅಂತ ತಿಳೀತಾರ" ಎನ್ನುತ್ತಾರೆ ಗೌರಮ್ಮ.

ಕಾಯುವ ವಿದ್ಯೆ ಅವರಿಗೆ ಬಂದದ್ದು ಅತ್ತೆಯಿಂದ. ಊರು ಧಾರವಾಡ ಜಿಲ್ಲೆಯ ನವಲಗುಂದ. ಗಂಡ ಫಕೀರಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಮುಂಬಯಿಯಲ್ಲಿ ನೌಕರಿಗೆ ಸೇರಿ, ವಡೋದರಾದಲ್ಲಿ ಬಹಳ ವರ್ಷ ಇದ್ದು, ಈಗ ಅಹಮದಾಬಾದಿನ ಅಸಾರ್ವಾ ಸ್ಟೇಷನ್ನಿನಲ್ಲಿ ಹಳಿ ಬದಲಿಸುತ್ತಾರೆ. ಪ್ರತಿ ಬೇಸಗೆಗೆ ಸಂಸಾರವೆಲ್ಲ ಊರಿಗೆ ಹೊರಟರೆ ಮುಂಬಯಿಯಲ್ಲೊಮ್ಮೆ, ಪುಣೆಯಲ್ಲೊಮ್ಮೆ ಗಾಡಿ ಬದಲಿಸಬೇಕು. ಪುಣೆಯ ಪ್ಲಾಟ್‌ಫಾರಂ ಮೇಲೆ ಅತ್ತೆ ಜಮಖಾನ ಹಾಸಿ, ಮೊದಲು ಎಲ್ಲ ಮಕ್ಕಳ ಚಪ್ಪಲಿ ಬಿಚ್ಚಿಸುತ್ತಿದ್ದರು. ಬಿಚ್ಚಿಸಿದ್ದನ್ನು ಹಾಗೇ ಇಡುತ್ತಿರಲಿಲ್ಲ. ಒಬ್ಬನ ಎಡಗಾಲಿನದನ್ನು ಇನ್ನೊಬ್ಬನ ಬಲಗಾಲಿನದಕ್ಕೆ ಸೇರಿಸಿ ಗಂಟು ಹಾಕುತ್ತಿದ್ದರು. ಅಲ್ಲಿಗೆ ಒಬ್ಬನೇ ಎದ್ದು ಓಡುವ ಹಾಗಿಲ್ಲ, ಓಡಬೇಕಾದರೆ ಇನ್ನೊಬ್ಬನನ್ನು ಎಬ್ಬಿಸಬೇಕು. ಎಬ್ಬಿಸಿದರೆ ಜಗಳ, ಜಗಳವಾದರೆ ಅಜ್ಜಿಗೆ ಎಚ್ಚರ.

ಅದೇ ನವಲಗುಂದದ ಜಮಖಾನ, ಅದೇ ಗಂಟು ಈಗ ಕೋಟು ಟೈ ಹಾಕಿದವರಿಗೆ ಲಾಗೂ ಆಗಿದೆ. ಹಾಲಿನ ಮೂಲೆಯಲ್ಲಿ ಜಮಖಾನ ಹಾಸಿ ಗೌರಮ್ಮ "ಬೇಸೋ, ಬೇಸೋ" ಎಂದು ಗುಜರಾತಿಯಲ್ಲಿ ಕೂಡಿಸುತ್ತಾರೆ, ಬೂಟು ಬಿಚ್ಚಿಸುತ್ತಾರೆ, ಒಂದೇ ವಿಮಾನಕ್ಕೆ ಹೋಗುವ ಇಬ್ಬಿಬ್ಬರ ಬೂಟನ್ನು ಅಡ್ಡಾದಿಡ್ಡಿ ಜೋಡಿಸಿ ದಾರ ಕಟ್ಟಿ ತಮ್ಮ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾರೆ. "ಬೂಟ ಹಾಕ್ಕೊಂಡವ ಹತ್ತ ಸಲ ಕೌಂಟರಿಗೆ ಹೋಗಿ ಯಾವಾಗ ಯಾವಾಗ ಅಂತಾನ. ಬಿಚ್ಚಿದವ ಬಾಜೂದವರ ಡಬ್ಬಿ ಒಳಗ ಏನೈತಿ ಅಂತ ನೋಡತಾನ" ಎಂಬುದು ಅವರ ಅನುಭವ. ಬಾಜೂದವರ ಡಬ್ಬಿಯಲ್ಲಿ ಸಾಮಾನ್ಯವಾಗಿ ಥೇಪ್ಲಾ ಎಂಬ ಮೆಂತ್ಯ ಸೊಪ್ಪಿನ ತೆಳು ರೊಟ್ಟಿ ಇರುತ್ತದೆ, ಜೊತೆಗೆ ಮಾವಿನಕಾಯಿಯ ಸಿಹಿ ಉಪ್ಪಿನಕಾಯಿ. ಗುಜರಾತಿಗಳು ಬುತ್ತಿಯಿಲ್ಲದೆ ಹೊಸಿಲು ದಾಟುವವರಲ್ಲ, ಕಟ್ಟಿಕೊಂಡದ್ದನ್ನು ಒಬ್ಬರೇ ತಿನ್ನುವವರೂ ಅಲ್ಲ.

ಎಲ್ಲ ಚೆನ್ನಾಗಿಯೇ ನಡೆದಿತ್ತು, ಹೋದ ಮಳೆಗಾಲದ ಆ ಒಂದು ದಿನದವರೆಗೆ. ಆ ದಿನ ಮುಂಬಯಿ ಕಚೇರಿಯ ಹಿರಿಯ ಅಧಿಕಾರಿ ಸತ್ಯಪ್ರಕಾಶರು ಭುಜ್ ನಿಲ್ದಾಣದ ತಪಾಸಣೆಗೆ ಹೊರಟಿದ್ದರು. ಮಳೆಗೆ ವಿಮಾನ ತಡವಾಗಿ, ಅವರೂ ಜಮಖಾನಕ್ಕೆ ಬಂದರು. ಪಕ್ಕದಲ್ಲಿ ಕೂತದ್ದು ಸೂರತ್ತಿನ ಜರಿ ವ್ಯಾಪಾರಿ. ಇಬ್ಬರೂ ಬಾಲ್ಯದ ಗೆಳೆಯರ ಹಾಗೆ ಮಾತಿಗೆ ಬಿದ್ದದ್ದನ್ನು ನೋಡಿ ಗೌರಮ್ಮ ಇವರದು ಒಂದೇ ಪ್ರಯಾಣ ಎಂದುಕೊಂಡರು, ಕೇಳುವ ಗೋಜಿಗೆ ಹೋಗದೆ ಇಬ್ಬರ ಕರಿ ಬೂಟನ್ನೂ ಸೇರಿಸಿ ಎರಡು ಗಂಟು ಕಟ್ಟಿದರು. ವ್ಯಾಪಾರಿ ಹೊರಟದ್ದು ದೆಹಲಿಗೆ. ದೆಹಲಿ ವಿಮಾನದ ಕೂಗು ಕೇಳಿ ಗಡಿಬಿಡಿಯಲ್ಲಿ ಎದ್ದವರು ಕೈಗೆ ಸಿಕ್ಕ ಗಂಟು ಬಿಚ್ಚಿ ಕಾಲು ತುರುಕಿಕೊಂಡು ಓಡಿದರು.

ಉಳಿದ ಗಂಟಿನಲ್ಲಿ ಸತ್ಯಪ್ರಕಾಶರ ಪಾಲಿಗೆ ಬಂದದ್ದು ತಮ್ಮದೊಂದು ಬೂಟು, ಸೂರತ್ತಿನದೊಂದು ಬೂಟು. ಸೂರತ್ತಿನದು ಕಾಲಿಗಿಂತ ಸಾಕಷ್ಟು ದೊಡ್ಡದು. ಭುಜ್‌ನಲ್ಲಿ ಸಾಲಾಗಿ ನಿಂತ ಸಿಬ್ಬಂದಿಯ ಮುಂದೆ ಅವರು ಟಕ್ ಎಂದು ಒಂದು ಹೆಜ್ಜೆ, ಸರ್ರೆಂದು ಒಂದು ಹೆಜ್ಜೆ ಹಾಕುತ್ತಾ ತಪಾಸಣೆ ಮಾಡಿದರಂತೆ. ನಗು ತಡೆಯಲಾಗದೆ ಒಬ್ಬ ಕೆಮ್ಮಿದನಂತೆ, ಆಮೇಲೆ ಸಾಲಿನವರಿಗೆಲ್ಲ ಕೆಮ್ಮು ಹತ್ತಿತಂತೆ. ಮರುವಾರವೇ ಅಪ್ಪಣೆ ಬಂತು. ಜಮಖಾನ ಹಾಸಕೂಡದು, ಮತ್ತೆ ಕಂಡರೆ ಆಯಾ ಮನೆಗೆ ಹೋಗಬೇಕು.

ಅಂದಿನಿಂದ ಅಧಿಕಾರಿಗಳು ಇಲ್ಲದ ದಿನ ಮಾತ್ರ ಜಮಖಾನ ಬಿಚ್ಚಿಕೊಳ್ಳುತ್ತದೆ. ಆಗೆಲ್ಲ ದಿವಾಕರ ಗೋಡೆಯ ಕಡೆ ಮುಖ ಮಾಡಿ ಟಿಕೆಟ್ ಬರೆಯುತ್ತಾನೆ. ಇವತ್ತು ಆ ಉಪಾಯವೂ ನಡೆಯುವುದಿಲ್ಲ.

ಬೆಳಿಗ್ಗೆ ಮುಂಬಯಿ ವಿಮಾನ ಇಳಿಯುತ್ತದೆ. ಸತ್ಯಪ್ರಕಾಶರು ಹೊಸ ಕಂದು ಬೂಟಿನಲ್ಲಿ ಹಾಲಿಗೆ ಬಂದು ಮೂಲೆಯತ್ತ ಒಮ್ಮೆ ದಿಟ್ಟಿಸಿ, ಬರೀ ನೆಲ ಕಂಡು ಕುರ್ಚಿಯಲ್ಲಿ ಕೂರುತ್ತಾರೆ. ಅಷ್ಟರಲ್ಲಿ ಸುದ್ದಿ ಬರುತ್ತದೆ: ಭುಜ್‌ಗೆ ಹೋಗಬೇಕಾದ ಡಕೋಟ ವಿಮಾನದ ಚಕ್ರ ಕೆಟ್ಟಿದೆ, ಬೇರೆ ಚಕ್ರ ಮುಂಬಯಿಯಿಂದ ಬರಬೇಕು.

ಆಮೇಲಿನದು ನೋಡುವಂಥ ನೋಟ. ವಡೋದರಾದ ಫತೇಗಂಜ್‌ನಿಂದ ಕಚ್ಛದ ಕಲ್ಲುಮಣ್ಣು ಪರೀಕ್ಷಿಸಲು ಹೊರಟ ಪ್ರೊಫೆಸರ್ ರಾಮಚಂದ್ರ ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಗಸ್ತು ತಿರುಗುತ್ತಾರೆ. ಪ್ರತಿ ಸುತ್ತಿಗೊಮ್ಮೆ ಕೌಂಟರಿನಲ್ಲಿ ನಿಂತು "ಚಕ್ರ ಬಂತೇನ್ರೀ?" ಎಂದು ಕೇಳುತ್ತಾರೆ. ಅವರು ಆಚೆ ಹೋದರೆ ಒಬ್ಬ ಗಿರಣಿ ಮಾಲೀಕರು ಬರುತ್ತಾರೆ. ಅವರು ಹೋದರೆ ಖುದ್ದು ಸತ್ಯಪ್ರಕಾಶರು. ಚಕ್ರ ಎಲ್ಲಿದೆ, ಯಾವಾಗ ಹೊರಟಿತು ಎಂದು ತಿಳಿಸಬೇಕಾದ ಕಚೇರಿಯೇ ಅವರದು. ಆದರೂ ಎಲ್ಲರಿಗಿಂತ ಹೆಚ್ಚು ಸಲ ಬಂದು ಕೇಳಿದವರು ಅವರೇ. ದಿವಾಕರನ ಮುಖ ಬೆವರುತ್ತದೆ, ಧ್ವನಿ ಕೀರಲಾಗುತ್ತದೆ. ಗೌರಮ್ಮ ಕೋಣೆಯ ಬಾಗಿಲಲ್ಲಿ ಕೈಕಟ್ಟಿ ನಿಂತು, ಅಷ್ಟೂ ಜೊತೆ ಬೂಟುಗಳು ತಾವು ಒರೆಸಿದ ನೆಲದ ಮೇಲೆ ಓಡಾಡುವುದನ್ನು ನೋಡುತ್ತಾರೆ. ಅವರಿಗೆ ಕೈ ತುರಿಸುತ್ತದೆ, ಆದರೆ ನೌಕರಿಯ ನೆನಪಾಗುತ್ತದೆ. ಕಿರಿ ಮಗಳ ಮದುವೆ ಇನ್ನೂ ಆಗಬೇಕು. ಫಕೀರಪ್ಪನ ಮಂಡಿ ಈಗೀಗ ಹಳಿಯ ಸನ್ನೆಗೋಲು ಎಳೆಯಲು ಒಪ್ಪುತ್ತಿಲ್ಲ.

ಅದೇ ಹೊತ್ತಿಗೆ ಜೀವೀಬಾ ಎಂಬ ಕಚ್ಛಿ ಅಜ್ಜಿ ಒಳಗೆ ಬರುತ್ತಾಳೆ. ಮುಂಬಯಿಯ ಮಗನ ಮನೆಗೆ ಹೋಗಿಬರುವ ಈ ಅಜ್ಜಿ ಜಮಖಾನಕ್ಕೆ ಹಳೆಯ ಗಿರಾಕಿ. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಅವಳಿಗೆ ಪಾದ ಊದುತ್ತದೆ. ಮೂಲೆ ಖಾಲಿ ಇದ್ದದ್ದನ್ನು ಕಂಡು, ಗೌರಾಬೆನ್, ಜಮಖಾನ ಎಲ್ಲಿ ಎಂದು ಗುಜರಾತಿಯಲ್ಲಿ ಹಾಲಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಆಮೇಲೆ ಗೋಡೆ ಹಿಡಿದು ನಿಧಾನವಾಗಿ ತಣ್ಣನೆಯ ಬರೀ ನೆಲದ ಮೇಲೆ ಕೂತುಬಿಡುತ್ತಾಳೆ, ಕಾಲು ಚಾಚಿ, ಚಳಿಗೆ ಮುದುಡಿ.

ಗೌರಮ್ಮ ಕಟ್ಟಿದ ಕೈ ಬಿಡುತ್ತಾರೆ. ದಿವಾಕರ ಬೇಡ ಬೇಡವೆಂದು ತಲೆಯಾಡಿಸುತ್ತಿರುವಂತೆಯೇ ತಕ್ಕಡಿಯ ಹಿಂದಿನ ಸುರುಳಿಯನ್ನು ಎಳೆದು ತಂದು, ಒಮ್ಮೆ ಕೊಡವಿ, ಹಾಲಿನ ಮೂಲೆಯಲ್ಲಿ ಉದ್ದಕ್ಕೆ ಹಾಸುತ್ತಾರೆ. "ಹೋದ್ರ ಹೋಗ್ಲಿ ನೌಕರಿ. ಮುದುಕಿನ್ನ ಥಂಡಿ ಕಲ್ಲಿನ ಮ್ಯಾಲೆ ಕೂಡ್ರಸಿ ನಾ ಪಗಾರ ತಗೊಳ್ಳಂಗಿಲ್ಲ" ಎನ್ನುತ್ತಾ ಜೀವೀಬಾಳನ್ನು ಕೈಹಿಡಿದು ಎಬ್ಬಿಸಿ ಮೇಲೆ ಕೂಡಿಸುತ್ತಾರೆ.

ಪ್ರೊಫೆಸರರ ಗಸ್ತು ನಿಲ್ಲುತ್ತದೆ. ಕೇಳಿದವರಿಲ್ಲ, ಹೇಳಿದವರಿಲ್ಲ, ತಾವೇ ಬಂದು ಬೂಟು ಬಿಚ್ಚುತ್ತಾರೆ. ಗಿರಣಿ ಮಾಲೀಕರು ಬರುತ್ತಾರೆ. ಅಜ್ಜಿ ಡಬ್ಬಿ ತೆರೆಯುತ್ತಾಳೆ. ನೋಡನೋಡುತ್ತಾ ಕೌಂಟರಿನ ಮುಂದೆ ಉಳಿದದ್ದು ಸತ್ಯಪ್ರಕಾಶರೊಬ್ಬರೇ. ಅವರು ಸಾವಕಾಶವಾಗಿ ನಡೆದು ಜಮಖಾನದ ಅಂಚಿಗೆ ಬಂದು ನಿಲ್ಲುತ್ತಾರೆ. ದಿವಾಕರ ಕಣ್ಣು ಮುಚ್ಚಿಕೊಳ್ಳುತ್ತಾನೆ.

ಅಧಿಕಾರಿ ಮೈಸೂರು ಕಡೆಯವರು. ತಗ್ಗಿದ ಧ್ವನಿಯಲ್ಲಿ ಕೇಳುತ್ತಾರೆ: "ಏನಮ್ಮಾ, ಈ ಸಲ ನನ್ನ ಬೂಟು ಯಾರ ಜೊತೆ ಕಟ್ತೀಯ?"

ಗೌರಮ್ಮ ತಮ್ಮ ಕಾಲಿನ ಚಪ್ಪಲಿ ಕಳಚುತ್ತಾರೆ. "ನನ್ನ ಚಪ್ಪಲಿ ಜೋಡಿ ಕಟ್ಟತೇನ್ರೀ ಸಾಹೇಬ್ರ. ನಾ ಎಲ್ಲಿಗೂ ಹೋಗಾಕಿ ಅಲ್ಲ."

ಸತ್ಯಪ್ರಕಾಶರು ಆ ಸವೆದ ಚಪ್ಪಲಿಗಳನ್ನು ನೋಡುತ್ತಾರೆ, ತಮ್ಮ ಬೂಟನ್ನು ನೋಡುತ್ತಾರೆ, ಬಗ್ಗಿ ಲೇಸು ಸಡಿಲಿಸುತ್ತಾರೆ. ಮೊದಲ ಥೇಪ್ಲಾ ಮುಗಿಯುವ ಹೊತ್ತಿಗೆ ಪ್ರೊಫೆಸರರ ಜೊತೆ ಬಳ್ಳಾರಿಯ ಕಬ್ಬಿಣದ ಅದಿರಿನ ಮಾತು, ಎರಡನೆಯದು ಮುಗಿದ ಮೇಲೆ ಗೊರಕೆ. ಕೌಂಟರಿನಲ್ಲಿ ದಿವಾಕರ ಅಂದಿನ ಮೊದಲ ಲೋಟ ಚಹಾ ಕುಡಿಯುತ್ತಾನೆ.

ಚಕ್ರ ಬಂದು, ಡಕೋಟ ಸಿದ್ಧವಾಗಿ, ಪ್ರಯಾಣಿಕರನ್ನು ಕರೆಯುವಾಗ ಬಿಸಿಲು ಓರೆಯಾಗಿದೆ. ಗೌರಮ್ಮ ಗಂಟು ಬಿಚ್ಚಿ ಕಂದು ಬೂಟನ್ನು ಅದರ ಯಜಮಾನರ ಮುಂದಿಡುತ್ತಾರೆ. ಎಡದ್ದೂ ಅವರದೇ, ಬಲದ್ದೂ ಅವರದೇ. ಎರಡೂ ಕಾಲು ನೆಲಕ್ಕೊತ್ತಿ ಖಾತ್ರಿ ಮಾಡಿಕೊಂಡು ಸತ್ಯಪ್ರಕಾಶರು ದಿವಾಕರನ ಕಡೆ ತಿರುಗುತ್ತಾರೆ. "ಜಮಖಾನ ಏನೂ ನನಗೆ ಕಾಣಲಿಲ್ಲಪ್ಪ. ಅದರ ಮೇಲೇ ಮಲಗಿದ್ದೆ ನೋಡು, ಹೇಗೆ ಕಾಣುತ್ತೆ?" ಎಂದು ಹೇಳಿ ಹೊರಟು ಹೋಗುತ್ತಾರೆ.

ಸಂಜೆ ಅಸಾರ್ವಾದ ಕ್ವಾರ್ಟರ್ಸಿನಲ್ಲಿ ಫಕೀರಪ್ಪ ಇದನ್ನೆಲ್ಲ ಕೇಳಿ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಎಂದಿನಂತೆ ಕಾಲೆಳೆಯುತ್ತಾರೆ. "ನಾ ಹಳಿ ಬದಲಸ್ತೀನಿ, ಗಾಡಿ ಮುಂದ ಹೋಗತದ. ನಿನ್ನಿಂದ ಒಂದರ ವಿಮಾನ ಮುಂದ ಹೋಗೇತೇನು?"

"ಹಾರಸವ್ರು ಭಾಳ ಮಂದಿ ಅದಾರ. ಕೂಡ್ರಸಾಕಿ ನಾ ಒಬ್ಬಾಕಿ" ಎನ್ನುತ್ತಾರೆ ಗೌರಮ್ಮ, ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ. ಫಕೀರಪ್ಪ ಇನ್ನೊಂದು ರೊಟ್ಟಿ ಕೇಳುತ್ತಾರೆ.

ದಿನವೂ ತಲೆಯ ಮೇಲೆ ಹಾರುವ ಆ ವಿಮಾನದಲ್ಲಿ ಒಮ್ಮೆ ಕೂತು ನೋಡುವ ಆಸೆ ಇಲ್ಲವೇ ಎಂದರೆ ಗೌರಮ್ಮ ನಗುತ್ತಾರೆ. ಇಷ್ಟು ವರ್ಷದಲ್ಲಿ ಆ ಜಮಖಾನದ ಮೇಲೆ ಅವರು ಕೂತದ್ದಿಲ್ಲ. ಜಾಗ ಇದ್ದಾಗ ಪುರುಸೊತ್ತಿಲ್ಲ, ಪುರುಸೊತ್ತಾದಾಗ ಅದನ್ನು ಸುತ್ತಿಡುವ ಹೊತ್ತು.

"ವಿಮಾನ ಬ್ಯಾಡ್ರಿ. ಒಂದ ದಿನ ನಾ ಜಮಖಾನದ ಮ್ಯಾಲೆ ಕಾಲ ಚಾಚಿ ಕೂಡಬೇಕು. ಮತ್ತ ಯಾರರ ಕುಂತು ನನ್ನ ಚಪ್ಪಲಿ ಕಾಯಬೇಕು. ಅಷ್ಟ."