ಅಕ್ಕನ ರಕ್ತದ ಹತ್ತು ಗ್ರಾಂ

ಅಕ್ಕನಿಗೆ ಹೂ ಮುಡಿಸಿ ಭಟ್ಕಳದ ಗಂಡನ ಮನೆಯಿಂದ ನಮ್ಮೂರು ಮಂಕಿಗೆ ಕರೆತಂದದ್ದು ಸೆಪ್ಟೆಂಬರಿನಲ್ಲಿ. ಚೊಚ್ಚಲ ಬಸುರಿ. ಮರುದಿನವೇ ನಾನು ಅಡುಗೆಮನೆಯ ಕ್ಯಾಲೆಂಡರನ್ನು ನನ್ನ ವಶಕ್ಕೆ ತೆಗೆದುಕೊಂಡೆ. ಅಮ್ಮ, ನಮ್ಮ ಬಾಯಲ್ಲಿ ಆಯಿ, ಅದರಲ್ಲಿ ಗ್ಯಾಸ್ ಬಂದ ದಿನವನ್ನೂ ದನಕ್ಕೆ ಹಿಂಡಿ ತಂದ ದಿನವನ್ನೂ ಗುರುತು ಹಾಕುತ್ತಿದ್ದಳು. ಅವುಗಳ ಪಕ್ಕದಲ್ಲಿ ನನ್ನ ಸಣ್ಣ ಅಕ್ಷರಗಳು ಬಂದವು: ಅಕ್ಕನ ತೂಕ, ಗುಳಿಗೆ ತಿಂದದ್ದಕ್ಕೊಂದು ಗೀಟು, ಆಸ್ಪತ್ರೆಗೆ ಹೋಗುವ ತಾರೀಖಿಗೊಂದು ಚೌಕ. ಮೊದಲ ಚೌಕದೊಳಗೆ ಬರೆದದ್ದು 8.2. ಅದು ಅಕ್ಕನ ಹಿಮೋಗ್ಲೋಬಿನ್, ನೂರು ಮಿಲಿಲೀಟರು ರಕ್ತಕ್ಕೆ ಇಷ್ಟು ಗ್ರಾಂ ಎಂಬ ಲೆಕ್ಕ.

ಹೊನ್ನಾವರದ ಡಾಕ್ಟರಮ್ಮ ಸುತ್ತಿ ಬಳಸಿ ಹೇಳುವವರಲ್ಲ. ದಿನ ತುಂಬುವುದರೊಳಗೆ ಅದು ಹತ್ತಕ್ಕೆ ಬರಬೇಕು, ಬಾರದಿದ್ದರೆ ಹೆರಿಗೆಗೆ ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೇ ಹೋಗಬೇಕಾಗುತ್ತದೆ ಎಂದರು. ಹಿಂತಿರುಗುವಾಗ ಟೆಂಪೋದಲ್ಲಿ ಅಕ್ಕ ಕಿಟಕಿಯ ಹೊರಗೇ ನೋಡುತ್ತಿದ್ದಳು. ಅವಳಿಗೆ ಹೆದ್ದಾರಿಯ ಭಯ. ದೊಡ್ಡ ಆಸ್ಪತ್ರೆ ಸೇರುವ ಮೊದಲೇ ಆಂಬುಲೆನ್ಸಿನಲ್ಲಿ ಹೆತ್ತವರ ಕಥೆಗಳು ನಮ್ಮ ಕರಾವಳಿಯಲ್ಲಿ ಮನೆಗೊಂದು ಸಿಗುತ್ತವೆ. ಅದಕ್ಕಿಂತ ಹೆಚ್ಚಿನದು, ಆಯಿ ಪಕ್ಕದಲ್ಲಿರಬೇಕೆಂಬ ಆಸೆ. ಆಯಿಗೆ ಅರ್ಧ ಗಂಟೆಯ ಪ್ರಯಾಣವೇ ಆಗಿಬರುವುದಿಲ್ಲ, ಹೊನ್ನಾವರದ ದಾರಿಯಲ್ಲೇ ಇರುವ ಕಾಸರಕೋಡು ದಾಟುವುದರೊಳಗೆ ವಾಂತಿ. ಹಾಲು ಕರೆಯುವ ದನವನ್ನು ಬಿಟ್ಟು ವಾರಗಟ್ಟಲೆ ಅಲ್ಲಿ ಉಳಿಯುವುದೂ ಸಾಧ್ಯವಿರಲಿಲ್ಲ.

ನಾನು ಆಗ ಬಿಎಸ್ಸಿ ಕೊನೆಯ ವರ್ಷ. ದಿನವೂ ಬೆಳಗಿನ ಬಸ್ಸಿಗೆ ಕುಮಟೆಗೆ ಹೋಗಿ ಸಂಜೆ ಬರುತ್ತಿದ್ದೆ. ಆ ತಿಂಗಳು ತರಗತಿಯಲ್ಲಿ ನಡೆಯುತ್ತಿದ್ದದ್ದು ಹಿಮೋಗ್ಲೋಬಿನ್ನಿನದೇ ಪಾಠ. ನಾಲ್ಕು ಪ್ರೋಟೀನ್ ಸರಪಳಿಗಳು, ಒಂದೊಂದರ ಮಡಿಲಿನಲ್ಲಿ ಒಂದೊಂದು ಕಬ್ಬಿಣದ ಪರಮಾಣು, ಒಂದೊಂದು ಕಬ್ಬಿಣಕ್ಕೆ ಒಂದೊಂದು ಆಮ್ಲಜನಕ. ಮೊದಲನೆಯದು ಕೂರುವುದೇ ಕಷ್ಟ. ಅದು ಕೂತರೆ ಇಡೀ ಪ್ರೋಟೀನು ಸ್ವಲ್ಪ ಹೊರಳಿ, ಉಳಿದ ಮೂರಕ್ಕೆ ಜಾಗ ಸಲೀಸಾಗುತ್ತದೆ. ಮನೆಗೆ ಬಂದು ಅಕ್ಕನಿಗೆ ಇದನ್ನು ಹೊನ್ನಾವರ ಬಸ್ ಸ್ಟ್ಯಾಂಡಿನ ಲೆಕ್ಕದಲ್ಲಿ ಹೇಳಿದೆ: ಒಬ್ಬ ಹೇಗೋ ನುಗ್ಗಿ ಒಳಗೆ ಹೋಗುತ್ತಾನೆ, ಆಮೇಲೆ ಟವೆಲು ಹಾಸಿ ಮೂವರಿಗೆ ಸೀಟು ಹಿಡಿಯುತ್ತಾನೆ. ಶ್ವಾಸಕೋಶದಲ್ಲಿ ಹತ್ತುವುದು, ಮೈಯ ಮೂಲೆಮೂಲೆಯಲ್ಲಿ ಇಳಿಯುವುದು.

ಅಕ್ಕ ಕಾಲು ನೀಡಿ ಕೂತು ಕೇಳಿದಳು. "ಎಲ್ಲ ಸರಿ ಮಾರಾಯ್ತಿ," ಎಂದಳು, "ಬಸ್ಸೇ ಕಮ್ಮಿ ಇದ್ರೆ ಟವೆಲು ಎಲ್ಲಿ ಹಾಸೂದು?"

ಅವಳ ತೊಂದರೆಯನ್ನು ನನ್ನ ಪುಸ್ತಕವೂ ಇಷ್ಟು ನೇರವಾಗಿ ಹೇಳಿರಲಿಲ್ಲ. ಬಸ್ಸು ಕಟ್ಟಲು ಕಬ್ಬಿಣ ಬೇಕು. ಕಬ್ಬಿಣಕ್ಕೆಂದೇ ಗುಳಿಗೆ ಕೊಟ್ಟಿದ್ದರು, ಊರಿನವರು ರಕ್ತದ ಗುಳಿಗೆ ಎನ್ನುವುದು ಅದನ್ನೇ. ಕ್ಯಾಲೆಂಡರಿನಲ್ಲಿ ಗೀಟು ತಪ್ಪಿದ ದಿನವೇ ಇರಲಿಲ್ಲ. ಆದರೂ ಅಕ್ಟೋಬರಿನ ಚೌಕದಲ್ಲಿ ನಾನು ಬರೆದದ್ದು 8.3. ಗುಳಿಗೆ ನಿಜವಾಗಿ ತಿನ್ನುತ್ತೀಯಾ ಎಂದು ಡಾಕ್ಟರಮ್ಮ ಎರಡು ಸಲ ಕೇಳಿದರು. ಅಕ್ಕನ ಕಣ್ಣು ತುಂಬಿತು. ಇನ್ನು ಕೆಲವು ವಾರ ನೋಡಿ ಮುಂದಿನದನ್ನು ನಿರ್ಧರಿಸೋಣ ಎಂದು ಅವರು ಚೀಟಿ ಬರೆದುಕೊಟ್ಟರು. ಆ ಸಂಜೆ ಭಾವ ಭಟ್ಕಳದಿಂದ ಫೋನು ಮಾಡಿ, ದೊಡ್ಡ ಆಸ್ಪತ್ರೆಯ ಹತ್ತಿರ ರೂಮು ನೋಡಿಡಲೇ ಎಂದು ಕೇಳಿದರು. ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಅದರ ಮರುದಿನ ಭಾನುವಾರ. ದಿನವೂ ಸಂಜೆ ಕೇಳಿ ಗೀಟು ಹಾಕುತ್ತಿದ್ದ ನಾನು, ಅಂದು ಅಕ್ಕ ಗುಳಿಗೆ ತಿನ್ನುವುದನ್ನು ನೋಡಲೆಂದೇ ಕೂತೆ. ತಿಂಡಿಯಾದ ಮೇಲೆ ಆಯಿ ಒಂದು ಕೈಯಲ್ಲಿ ಗುಳಿಗೆ, ಇನ್ನೊಂದು ಕೈಯಲ್ಲಿ ದೊಡ್ಡ ಲೋಟದ ತುಂಬ ಹಾಲು ಹಿಡಿದು ಬಂದಳು. ಹಾಲೆಂದರೆ ಮೂಗು ಮುರಿಯುವ ಅಕ್ಕ, ಮೂಗನ್ನೇ ಒತ್ತಿ ಹಿಡಿದುಕೊಂಡು ಅಷ್ಟನ್ನೂ ಕುಡಿದಳು.

"ಆಯಿ, ಹಾಲು ಎಂತಕ್ಕೆ?"

"ಗುಳಿಗೆ ಉಷ್ಣ ಅಲ್ದಾ," ಎಂದಳು ಆಯಿ. "ಹೊಟ್ಟೆಲಿ ಕೂಸದೆ. ಹಾಲು ಬಿದ್ರೆ ತಂಪು."

ದಿನವೂ ಹೀಗೆಯೇ ಎಂದು ತಿಳಿಯಿತು. ಡೈರಿಗೆ ಹಾಕುವ ಹಾಲಿನಲ್ಲಿ ಅರ್ಧ ಲೀಟರು ಕಡಿಮೆ ಮಾಡಿ ಮಗಳಿಗೆ ಎತ್ತಿಡುತ್ತಿದ್ದಳು. ಒಂದು ಹನಿ ಚಹಾಕ್ಕೂ ಅದನ್ನು ಮುಟ್ಟುತ್ತಿರಲಿಲ್ಲ. ನಾನು ಹಾಕಿದ ಒಂದೊಂದು ಗೀಟಿನ ಹಿಂದೆಯೂ ಒಂದೊಂದು ಲೋಟ ಹಾಲಿತ್ತು. ಹಾಲಿನ ಸುಣ್ಣದ ಅಂಶ ಕಬ್ಬಿಣವನ್ನು ಕರುಳಿನ ಬಾಗಿಲಲ್ಲೇ ತಡೆಯುತ್ತದೆ. ಹೀಗಾಗಿ ಗುಳಿಗೆಯ ಬಹುಪಾಲು ಹೀರಿಕೆಯಾಗದೆ ಹಾಗೇ ಹೊರಗೆ ಹೋಗುತ್ತಿತ್ತು.

ಇದನ್ನು ಹೇಳುವುದು ಹೇಗೆ ಎಂದು ತೋಚದೆ ನಾನು ಬಟ್ಟೆ ಒಗೆಯಲು ಹೋದೆ. ಒಗೆದು ಬಂದು ಹೇಳಿದೆ. ಆಯಿ ತೆಂಗಿನಕಾಯಿ ತುರಿಯುತ್ತಿದ್ದವಳು ನಿಲ್ಲಿಸಿದಳು.

"ಹಾಲು ಕೊಟ್ಟದ್ದೇ ತಪ್ಪಾತಾ?"

ಹಾಲು ತಪ್ಪಲ್ಲ, ಹೊತ್ತು ತಪ್ಪು ಎಂದೆ. ಹಾಲನ್ನು ರಾತ್ರಿ ಕೊಡು, ಗುಳಿಗೆಯ ಜೊತೆ ಹುಳಿ ಏನಾದರೂ ಇರಲಿ, ಹುಳಿಯಿದ್ದರೆ ಕಬ್ಬಿಣ ಬೇಗ ಒಳಗೆ ಹೋಗುತ್ತದೆ. ಆದರೆ ಅವಳ ಚಿಂತೆ ಅಲ್ಲಿಗೆ ಮುಗಿಯಲಿಲ್ಲ. ಉಷ್ಣದ ಗುಳಿಗೆಯನ್ನು ಬರೀ ನೀರಿನಲ್ಲಿ ನುಂಗಿಸಲು ಅವಳ ಮನಸ್ಸು ಒಪ್ಪದು. ಸ್ವಲ್ಪ ಹೊತ್ತು ತುರಿಯುತ್ತ ಕೂತು, ಕೊನೆಗೆ ತಾನೇ ಕೇಳಿದಳು, ಬಿರಿಂಡದ, ಎಂದರೆ ಮುರುಗಲು ಹಣ್ಣಿನ, ನೀರು ಹುಳಿಯೂ ಹೌದು, ತಂಪೂ ಹೌದು, ಅದು ಆಗದೇ ಎಂದು. ಅದಕ್ಕೆ ಅರ್ಧ ಲಿಂಬೆ ಹಿಂಡಿದರೆ ಇನ್ನೂ ಒಳ್ಳೆಯದು ಎಂದೆ. ಮರುದಿನದಿಂದ ಗುಳಿಗೆಯ ಜೊತೆ ಕೆಂಪು ಲೋಟ ಬಂತು. ಅಕ್ಕ ಮೂಗು ಬಿಟ್ಟು ಕುಡಿದಳು.

ಧೈರ್ಯ ಬಂದು ನಾನು ಮೀನಿಗೂ ಕೈ ಹಾಕಿದೆ. ಗೇದರ, ಪುಸ್ತಕದ ಭಾಷೆಯಲ್ಲಿ ಟ್ಯೂನಾ ಮೀನು, ತಂದ ದಿನ ಆಯಿ ಅದರ ಪಕ್ಕೆಯುದ್ದಕ್ಕೂ ಇರುವ ಕಪ್ಪುಗೆಂಪು ಪಟ್ಟಿಯನ್ನು ಕೆತ್ತಿ ಬೆಕ್ಕಿಗೆ ಹಾಕುತ್ತಿದ್ದಳು. ಅದು ನೆತ್ತರು, ಬಸುರಿಗೆ ನಂಜು ಎಂದು. ಎಷ್ಟು ತೊಳೆದರೂ ಆ ಕೆಂಪು ಹೋಗುವುದಿಲ್ಲ, ಏಕೆಂದರೆ ಅದು ರಕ್ತವಲ್ಲ, ಸ್ನಾಯುವಿನದೇ ಬಣ್ಣ. ಮಯೋಗ್ಲೋಬಿನ್ ಎಂದು ಹೆಸರು, ಹಿಮೋಗ್ಲೋಬಿನ್ನಿನ ನೆಂಟ. ಅದಕ್ಕೆ ಒಂದೇ ಸರಪಳಿ, ಒಂದೇ ಕಬ್ಬಿಣ. ರಕ್ತ ತಂದುಕೊಟ್ಟ ಆಮ್ಲಜನಕವನ್ನು ಸ್ನಾಯುವಿನೊಳಗೆ ಬಿಗಿಯಾಗಿ ಹಿಡಿದಿಟ್ಟು, ತೀರ ಬೇಕಾದಾಗ ಮಾತ್ರ ಬಿಡುತ್ತದೆ. ಗೇದರ ಹುಟ್ಟಿದಾಗಿನಿಂದ ಈಜು ನಿಲ್ಲಿಸದ ಮೀನು, ಅದಕ್ಕೆ ಆ ಉಗ್ರಾಣ ಬೇಕು. ಕೆಸರಿನಲ್ಲಿ ತಣ್ಣಗೆ ಬಿದ್ದಿರುವ ನೊಗ್ಲಿ ಮೀನಿಗೆ ಬೇಡ, ಅದರ ಮಾಂಸ ಬೆಳ್ಳಗೆ. ಆ ಪಟ್ಟಿಯ ಕಬ್ಬಿಣ ಬೆಕ್ಕಿಗಲ್ಲ, ಅಕ್ಕನಿಗೆ ಸೇರಲಿ ಎಂದೆ.

ಆಯಿ ನನ್ನ ಮಾತಿಗೆ ಒಪ್ಪಲಿಲ್ಲ. ಡಾಕ್ಟರಮ್ಮನಿಗೇ ಫೋನು ಮಾಡಿಸಿದಳು. ತಾಜಾ ಮೀನು, ಚೆನ್ನಾಗಿ ಬೇಯಿಸಿ, ಆಗೊಮ್ಮೆ ಈಗೊಮ್ಮೆ ತಿನ್ನಲಿ ಎಂಬ ಅಪ್ಪಣೆ ಸಿಕ್ಕಿತು. ನಂಜಿನ ಬಾಯಿ ಮುಚ್ಚಿಸಲು ಆಯಿ ಅರಿಸಿನ, ಮೆಣಸಿನಕಾಳು ಎರಡನ್ನೂ ದುಪ್ಪಟ್ಟು ಹಾಕಿ ಪಟ್ಟಿಯನ್ನು ಸುಕ್ಕ ಮಾಡಿದಳು. ಅಕ್ಕ ಖಾರಕ್ಕೆ ಕಣ್ಣೀರು ಸುರಿಸುತ್ತ ತಿಂದಳು. ಬೆಕ್ಕು ಎರಡು ದಿನ ಹಿತ್ತಿಲ ಕಡೆ ಬರಲಿಲ್ಲ. ಅದನ್ನೂ ಕ್ಯಾಲೆಂಡರಿನಲ್ಲಿ ಬರೆದೆ.

ಡಿಸೆಂಬರಿನ ಚೌಕದ ದಿನ ನಾನು ಕಾಲೇಜಿಗೆ ಹೋಗಲಿಲ್ಲ. ಲ್ಯಾಬಿನ ಎದುರಿನ ಬೆಂಚಿನಲ್ಲಿ ಮೂವರೂ ಕೂತೆವು. ಪ್ರಯಾಣದಲ್ಲಿ ಸೋತಿದ್ದ ಆಯಿ ಲಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿದ್ದಳು. ಲ್ಯಾಬಿನ ಹುಡುಗಿ ಕಾಗದ ತಂದು ನನ್ನ ಕೈಗಿಟ್ಟಳು. ನಾನು ಓದಿ ಅಕ್ಕನಿಗೆ ದಾಟಿಸಿದೆ. 10.1.

"ಎಷ್ಟು?" ಎಂದಳು ಆಯಿ, ಕಣ್ಣು ಬಿಡದೆಯೇ.

"ಇಲ್ಲೇ ಆತು ಆಯಿ," ಎಂದಳು ಅಕ್ಕ.

ಆಯಿ ಲಿಂಬೆಹಣ್ಣನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು, ಬಹಳ ಹೊತ್ತು ಕಟ್ಟಿದಳು.

ಕೂಸು ಹೊನ್ನಾವರದಲ್ಲೇ ಹುಟ್ಟಿತು. ಹೆಣ್ಣು, ಮೈಯೆಲ್ಲ ಕೆಂಪು. ಹೊಟ್ಟೆಯಲ್ಲಿರುವ ಕೂಸಿನ ಹಿಮೋಗ್ಲೋಬಿನ್ನೇ ಬೇರೆ, ತಾಯಿಯದಕ್ಕಿಂತ ಗಟ್ಟಿಯಾಗಿ ಆಮ್ಲಜನಕವನ್ನು ಹಿಡಿಯುತ್ತದೆ, ಆದ್ದರಿಂದಲೇ ತಾಯಿಯ ರಕ್ತದಿಂದ ತನ್ನ ಪಾಲನ್ನು ಎಳೆದುಕೊಳ್ಳುತ್ತದೆ ಎಂದು ನಾನು ಮಂಚದ ಪಕ್ಕ ನಿಂತು ವಿವರಿಸಿದೆ. ಒಳಗಿಂದಲೇ ಕಿತ್ತು ತಿನ್ನಲು ಕಲಿತು ಬಂದಿದೆ, ಥೇಟು ಚಿಕ್ಕಿಯ ಹಾಗೆ, ಎಂದು ಅಕ್ಕ ಕೂಸಿಗೆ ಹೇಳಿದಳು. ಚಿಕ್ಕಿ ನಾನೇ.

ಸಂಜೆ ಆಯಿ ಫ್ಲಾಸ್ಕಿನಿಂದ ಲೋಟಕ್ಕೆ ಹಾಲು ಬಗ್ಗಿಸಿದಳು. ಅಕ್ಕನತ್ತ ಚಾಚಿದ ಕೈಯನ್ನು ನಡುವೆಯೇ ನಿಲ್ಲಿಸಿ ನನ್ನ ಮುಖ ನೋಡಿದಳು.

"ಈಗ ಕೊಡ್ಲಾ? ಹೊತ್ತು ಸರಿಯದೆಯಾ?"

ಬೆಳಿಗ್ಗೆಯ ಗುಳಿಗೆಯಿಂದ ಲೆಕ್ಕ ಹಾಕಿ, ಸರಿಯಿದೆ ಎಂದೆ. ಅಕ್ಕ ನನ್ನನ್ನು ಒಮ್ಮೆ ಕೆಕ್ಕರಿಸಿ ನೋಡಿ, ಮೂಗು ಹಿಡಿದುಕೊಂಡಳು.